ಒಂದೇ ಹೊಳೆಗೆ ಎರಡು ಸಂಕ

ರೇಷನ್ ಅಂಗಡಿಯಲ್ಲಿ ಯಂತ್ರಕ್ಕೆ ಬೆರಳೊತ್ತಿ ನಿಂತಾಗ, ಸಹಕಾರಿ ಬ್ಯಾಂಕಿನಲ್ಲಿ ಪಾಸ್‌ಬುಕ್ ಕೊಟ್ಟು ಕಾಯುವಾಗ, ಅಕ್ಷಯ ಕೇಂದ್ರದಲ್ಲಿ ಮಕ್ಕಳ ಅರ್ಜಿ ತುಂಬಿಸುವಾಗ "ನೆಟ್ ಇಲ್ಲ" ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಮೊದಲು ಅದು ಪೇಟೆಯವರ ತಾಪತ್ರಯ ಆಗಿತ್ತು. ಈಗ ಅಕ್ಕಿಯ ಲೆಕ್ಕವೂ ಪೆನ್ಶನಿನ ಲೆಕ್ಕವೂ ಅದೇ ತಂತಿಯಲ್ಲಿ ಬರುವ ಕಾರಣ ಹಳ್ಳಿಯವರ ತಾಪತ್ರಯವೂ ಹೌದು. ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: "ಇನ್ನೊಂದು ಕನೆಕ್ಷನ್ ಹಾಕಿಸಿ."

ಈ ಮದ್ದಿಗೆ ಅರುವತ್ತು ವರ್ಷದ ಚರಿತ್ರೆ ಉಂಟು. ಅದರಿಂದ ಕಲಿಯಬೇಕಾದ ಸಂಗತಿ ಮುಖ್ಯವಾಗಿ ಎರಡು. ಎರಡು ದಾರಿ ಎಂದು ನಾವು ನಂಬಿದ್ದು ಎಷ್ಟೋ ಸಲ ಒಂದೇ ದಾರಿ ಆಗಿರ್ತದೆ, ಇದು ಮೊದಲನೆಯದು. ಒಬ್ಬ ತನಗೆಂದು ಮಾಡಿಕೊಂಡ ಎರಡನೆಯ ದಾರಿಯ ಭಾರವನ್ನು ಕೆಲವು ಸಲ ಲೋಕದಲ್ಲಿ ಉಳಿದವರೆಲ್ಲ ಸ್ವಲ್ಪ ಸ್ವಲ್ಪ ಹೊರಬೇಕಾಗ್ತದೆ, ಇದು ಎರಡನೆಯದು. ಮೊದಲನೆಯದು ಸುಲಭವಾಗಿ ಅರ್ಥವಾಗುವಂಥದ್ದು. ಎರಡನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಬಲೆಯ ಚಿತ್ರ

1960ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಪಾಲ್ ಬರಾನ್ ಎಂಬ ಎಂಜಿನಿಯರ್ ಒಂದು ಲೆಕ್ಕಕ್ಕೆ ಕೂತರು. ಅದು ರಷ್ಯ, ಅಮೆರಿಕಗಳ ಶೀತಲ ಸಮರದ ಕಾಲ. ಅಣುಬಾಂಬು ಬಿದ್ದರೆ ದೇಶದ ಟೆಲಿಫೋನ್ ಉಳಿದೀತೇ ಎಂಬುದು ಪ್ರಶ್ನೆ. ಆಗಿನ ಟೆಲಿಫೋನ್ ವ್ಯವಸ್ಥೆ ಕೆಲವೇ ದೊಡ್ಡ ಎಕ್ಸ್‌ಚೇಂಜುಗಳನ್ನು ನಂಬಿಕೊಂಡಿತ್ತು. ಅವು ಹೋದರೆ ಊರೂರಿನ ತಂತಿ ಗಟ್ಟಿ ಇದ್ದೂ ಪ್ರಯೋಜನ ಇಲ್ಲ.

ಬರಾನ್ ಮೂರು ಚಿತ್ರ ಬರೆದರು. ಒಂದು ಗಾಡಿಯ ಚಕ್ರದ ಹಾಗೆ, ಎಲ್ಲ ಗೆರೆಗಳೂ ನಡುವಿನ ಒಂದೇ ಬಿಂದುವಿಗೆ ಸೇರುವಂಥದ್ದು. ಎರಡನೆಯದು ಸಣ್ಣ ಸಣ್ಣ ಚಕ್ರಗಳನ್ನು ಒಂದಕ್ಕೊಂದು ಜೋಡಿಸಿದ ಹಾಗೆ. ಮೂರನೆಯದು ಮೀನು ಹಿಡಿಯುವ ಬಲೆಯ ಹಾಗೆ. ಬಲೆಗೆ ನಡು ಎಂಬುದೇ ಇಲ್ಲ. ಪ್ರತಿ ಗಂಟಿನಿಂದ ಮೂರು ನಾಲ್ಕು ನೆರೆಯ ಗಂಟುಗಳಿಗೆ ದಾರ ಇದ್ದರೆ ಸಾಕು, ಬಲೆಯ ದೊಡ್ಡ ಪಾಲು ಹರಿದರೂ ಉಳಿದ ಗಂಟುಗಳು ಒಂದರೊಡನೆ ಒಂದು ಮಾತಾಡಬಹುದು ಎಂದು ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. 1964ರಲ್ಲಿ ಈ ವಿಚಾರಗಳು ಹಲವು ಸಂಪುಟಗಳಲ್ಲಿ ಪ್ರಕಟವಾದವು. ಟೆಲಿಫೋನ್ ಕಂಪನಿ ಎ.ಟಿ. ಆ್ಯಂಡ್ ಟಿ. ಇದು ಆಗುಹೋಗುವ ಮಾತಲ್ಲ ಎಂದು ತಳ್ಳಿಹಾಕಿತು. ಸ್ವಲ್ಪ ಸಮಯದಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವಿಸ್ ಅವರೂ ಸ್ವತಂತ್ರವಾಗಿ ಇದೇ ವಿಚಾರಕ್ಕೆ ಬಂದರು. ಸಂದೇಶವನ್ನು ತುಂಡು ತುಂಡು ಮಾಡಿ ಕಳಿಸುವುದು, ಪ್ರತಿ ತುಂಡಿನ ಮೇಲೂ ವಿಳಾಸ ಬರೆಯುವುದು. ಆ ತುಂಡಿಗೆ "ಪ್ಯಾಕೆಟ್" ಎಂದು ಹೆಸರಿಟ್ಟವರು ಅವರೇ.

1969ರ ಅಕ್ಟೋಬರ್ 29ರಂದು ಲಾಸ್ ಏಂಜಲಿಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಅರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶ ಹೋಯಿತು. "ಲಾಗಿನ್" ಎಂದು ಕಳಿಸಲು ಹೊರಟದ್ದು. ಎರಡು ಅಕ್ಷರ ಹೋಗುವಷ್ಟರಲ್ಲಿ ಆಚೆಯ ಯಂತ್ರ ಬಿದ್ದಿತು! ಅರ್ಪಾನೆಟ್ ಕಟ್ಟಿದ್ದು ಯುದ್ಧಕ್ಕೆಂದಲ್ಲ, ದೂರದೂರದ ಸಂಶೋಧಕರು ದುಬಾರಿ ಕಂಪ್ಯೂಟರುಗಳನ್ನು ಹಂಚಿಕೊಂಡು ಬಳಸಲಿ ಎಂದು. ಆದರೂ ಬಲೆಯ ವಿಚಾರ ಅದರ ಒಳಗೆ ಸೇರಿಕೊಂಡಿತ್ತು. ಪ್ರತಿ ಗಂಟಿನಲ್ಲೂ ಒಂದು ಯಂತ್ರ, ಈಗ ನಾವು ರೂಟರ್ ಅನ್ನುವಂಥದ್ದು. ಯಾವ ಊರಿಗೆ ಯಾವ ಕಡೆಯಿಂದ ಹೋಗಬೇಕು ಎಂಬ ದಾರಿಪಟ್ಟಿ ಅದರ ಹತ್ತಿರ ಇರ್ತದೆ. ಒಂದು ದಾರಿ ಕಡಿದರೆ ನೆರೆಯವರು ಸುದ್ದಿ ಮುಟ್ಟಿಸುತ್ತಾರೆ, ಪಟ್ಟಿ ತಿದ್ದಿಕೊಳ್ಳುತ್ತದೆ, ಪ್ಯಾಕೆಟ್ ಬೇರೆ ದಾರಿ ಹಿಡಿಯುತ್ತದೆ.

ಸುದ್ದಿಯೇ ಕೆಟ್ಟರೆ?

ಸುದ್ದಿ ಮುಟ್ಟಿಸುವುದರಲ್ಲೇ ತಪ್ಪಾದರೆ ದಾರಿ ಎಷ್ಟಿದ್ದರೂ ಉಪಕಾರವಿಲ್ಲ. 1980ರ ಅಕ್ಟೋಬರ್ 27ರಂದು ಅರ್ಪಾನೆಟ್ ಇಡೀ ಹಲವು ಗಂಟೆ ನಿಂತುಹೋಯಿತು. ಒಂದೇ ಒಂದು ತಂತಿಯೂ ಕಡಿದಿರಲಿಲ್ಲ.

ಆದದ್ದು ಇಷ್ಟು. ದಾರಿಯ ಸುದ್ದಿಗೆಲ್ಲ ಒಂದೊಂದು ಸಂಖ್ಯೆ ಇರುತ್ತಿತ್ತು, ಹೊಸದು ಯಾವುದು ಹಳೆಯದು ಯಾವುದು ಎಂದು ತಿಳಿಯಲು. ಸಂಖ್ಯೆ 63ರ ವರೆಗೆ ಹೋಗಿ ಗಡಿಯಾರದ ಮುಳ್ಳಿನ ಹಾಗೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಕೆಟ್ಟ ಯಂತ್ರವೊಂದರ ದೋಷದಿಂದ ಒಂದೇ ಸುದ್ದಿಗೆ 44, 40, 8 ಎಂಬ ಮೂರು ಸಂಖ್ಯೆಗಳು ಅಂಟಿಕೊಂಡವು. 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು. ಸಂಖ್ಯೆ ಸುತ್ತು ಬರುವ ಕಾರಣ 44ಕ್ಕಿಂತ 8 ಹೊಸದು! ಹೀಗೆ ಪ್ರತಿಯೊಂದು ರೂಟರೂ "ಹೊಸ ಸುದ್ದಿ ಬಂತು, ಹೊಸ ಸುದ್ದಿ ಬಂತು" ಎಂದು ಅದೇ ಮೂರನ್ನು ನೆರೆಯವರಿಗೆ ದಾಟಿಸುತ್ತ ಕೂತಿತು. ಬೇರೆ ಕೆಲಸಕ್ಕೆ ಪುರುಸೊತ್ತೇ ಇಲ್ಲ. ಬಲೆಯಲ್ಲಿ ದಾರಿ ಹೆಚ್ಚಿದ್ದಷ್ಟೂ ಕೆಟ್ಟ ಸುದ್ದಿ ಹರಡುವ ದಾರಿಯೂ ಹೆಚ್ಚು ಎಂಬುದು ಅಂದು ಗೊತ್ತಾಯಿತು.

ಏಳು ತಂತಿ, ಒಂದು ಕೇಬಲ್

ತಂತಿ ಕಡಿದ ಕಥೆ ಅದಾಗಿ ಆರು ವರ್ಷದ ನಂತರದ್ದು. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರದೇಶವನ್ನು ಅರ್ಪಾನೆಟ್‌ನ ಉಳಿದ ಭಾಗಕ್ಕೆ ಜೋಡಿಸುವ ಏಳು ಲೈನುಗಳಿದ್ದವು. ಒಂದು ಹೋದರೆ ಆರು ಉಂಟಲ್ಲ ಎಂಬ ಧೈರ್ಯ. 1986ರ ಡಿಸೆಂಬರ್ 12ರ ನಡುರಾತ್ರಿ ಕಳೆದ ಮೇಲೆ ನ್ಯೂಜೆರ್ಸಿಯ ನೆವಾರ್ಕ್ ಮತ್ತು ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್ ಊರುಗಳ ನಡುವೆ ಒಂದು ಫೈಬರ್ ಕೇಬಲ್ ಕಡಿಯಿತು. ಏಳೂ ಲೈನುಗಳು ಹೋಗುತ್ತಿದ್ದದ್ದು ಅದೇ ಒಂದು ಕೇಬಲಿನ ಒಳಗೆ. ಮಧ್ಯಾಹ್ನದ ವರೆಗೆ ನ್ಯೂ ಇಂಗ್ಲೆಂಡ್ ಜಾಲದಿಂದ ಹೊರಗೆ.

ಕಾಗದದ ಮೇಲೆ ನೋಡಿದವರಿಗೆ ಏಳು ಗೆರೆ ಕಾಣುತ್ತಿತ್ತು. ನೆಲದ ಮೇಲೆ ಇದ್ದದ್ದು ಒಂದು. ಲೈನುಗಳನ್ನು ಬಾಡಿಗೆಗೆ ಕೊಟ್ಟ ಟೆಲಿಫೋನ್ ಕಂಪನಿ ತನ್ನ ಅನುಕೂಲಕ್ಕೆ ಅವನ್ನೆಲ್ಲ ಒಂದೇ ಕೇಬಲಿಗೆ ಸೇರಿಸಿದ್ದರೂ ಬಳಸುವವರಿಗೆ ಅದು ಕಾಣುವುದಿಲ್ಲ. ಅವರ ಬಿಲ್ಲಿನಲ್ಲಿ ಏಳೇ ಇರ್ತದೆ.

ಇಲ್ಲಿ ಗಣಿತದ ಮಾಸ್ಟ್ರುಗಳು ಮಕ್ಕಳಿಗೆ ಕೊಡಬಹುದಾದ ಒಂದು ಲೆಕ್ಕ ಉಂಟು. ಒಂದು ಲೈನು ನೂರರಲ್ಲಿ ಒಂದು ಪಾಲು ಸಮಯ ಕೆಟ್ಟಿರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,760 ಗಂಟೆ, ಅಂದರೆ 87 ಗಂಟೆಗಿಂತ ಹೆಚ್ಚು ಸಮಯ ನೆಟ್ ಇಲ್ಲ. ಅಂಥದ್ದೇ ಇನ್ನೊಂದು ಲೈನು ಹಾಕಿಸಿದರೆ ಎರಡೂ ಒಟ್ಟಿಗೆ ಕೆಡುವುದು ನೂರರಲ್ಲಿ ಒಂದರ ನೂರರಲ್ಲಿ ಒಂದು, ಹತ್ತು ಸಾವಿರದಲ್ಲಿ ಒಂದು. ವರ್ಷಕ್ಕೆ 53 ನಿಮಿಷ ಅಷ್ಟೆ. ಇನ್ನೂರು ರೂಪಾಯಿಯ ಕೆಲಸಕ್ಕೆ ನಾನೂರು ಕೊಟ್ಟು ನೂರು ಪಾಲು ಲಾಭ! ಆದರೆ ಈ ಗುಣಾಕಾರ ಸರಿಯಾಗುವುದು ಒಂದರ ಕೆಡುಕಿಗೂ ಇನ್ನೊಂದರ ಕೆಡುಕಿಗೂ ಸಂಬಂಧ ಇಲ್ಲದಿದ್ದರೆ ಮಾತ್ರ. ಒಂದೇ ಹೊಳೆಗೆ ಹತ್ತು ಮಾರು ದೂರದಲ್ಲಿ ಎರಡು ಅಡಿಕೆ ಮರದ ಸಂಕ ಹಾಕಿದರೆ ಆಟಿಯ ನೆರೆಗೆ ಎರಡೂ ಒಂದೇ ರಾತ್ರಿ ಹೋಗುತ್ತವೆ. ಆಗ ಗುಣಿಸುವುದಕ್ಕೆ ಏನೂ ಇಲ್ಲ, ಲೆಕ್ಕ ಪುನಃ 87 ಗಂಟೆಯ ಹತ್ತಿರವೇ ಬಂದು ನಿಲ್ಲುತ್ತದೆ.

ಈ ಪಾಠವನ್ನು ಲೋಕ ಒಂದೇ ಸಲಕ್ಕೆ ಕಲಿಯಲಿಲ್ಲ. 2001ರ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್ ಪೇಟೆಯ ಅಡಿಯ ರೈಲು ಸುರಂಗದಲ್ಲಿ ಗೂಡ್ಸ್ ಗಾಡಿ ಹಳಿ ತಪ್ಪಿ ಬೆಂಕಿ ಹತ್ತಿತು. ಒಂದಕ್ಕಿಂತ ಹೆಚ್ಚು ಕಂಪನಿಗಳ ಫೈಬರ್ ಆ ಒಂದೇ ಸುರಂಗದಲ್ಲಿ ಹಾದುಹೋಗಿತ್ತು. ಬೇರೆ ಬೇರೆ ಕಂಪನಿಯಿಂದ ಲೈನು ಪಡೆದವರಿಗೂ ಪೆಟ್ಟು ಒಟ್ಟಿಗೇ ಬಿತ್ತು. ನಮ್ಮ ದೇಶಕ್ಕೆ ಈ ಪೆಟ್ಟು ಬಿದ್ದದ್ದು 2008ರ ಜನವರಿ 30ರಂದು. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹತ್ತಿರ ಮೆಡಿಟರೇನಿಯನ್ ಸಮುದ್ರದಲ್ಲಿ ಎರಡು ಕೇಬಲ್ ಕಡಿದವು. ಎರಡಕ್ಕೂ ಯಜಮಾನರು ಬೇರೆ, ಹೆಸರು ಬೇರೆ, ಸಮುದ್ರದ ದಾರಿ ಮಾತ್ರ ಹೆಚ್ಚುಕಡಿಮೆ ಒಂದೇ. ಭಾರತದಿಂದ ಹೊರಗೆ ಹೋಗುವ ಸಾಮರ್ಥ್ಯದ ಅರ್ಧದಷ್ಟು ಹೋಯಿತೆಂದು ಇಲ್ಲಿಯ ಇಂಟರ್ನೆಟ್ ಕಂಪನಿಗಳ ಸಂಘ ಆಗ ಹೇಳಿತ್ತು. ಉಳಿದದ್ದು ಪೂರ್ವದ ಕಡೆಯಿಂದ, ಸಿಂಗಾಪುರ ಮತ್ತು ಪೆಸಿಫಿಕ್ ಸಾಗರದ ಸುತ್ತುದಾರಿಯಲ್ಲಿ ನಡೆಯಿತು. ಪೂರ್ವದ ಆ ದಾರಿ ನಿಜವಾಗಿಯೂ ಬೇರೆ ದಾರಿ ಆಗಿದ್ದ ಕಾರಣ ದೇಶ ಪೂರ್ತಿ ಕತ್ತಲೆಗೆ ಬೀಳಲಿಲ್ಲ.

ಪಿನ್‌ಕೋಡಿನ ಜಾಣತನ

ಇನ್ನು ಎರಡನೆಯ ಸಂಗತಿ. ಇದಕ್ಕೆ ತಂತಿಯನ್ನು ಬಿಟ್ಟು ಪಟ್ಟಿಯ ಕಡೆ ನೋಡಬೇಕು, ಸ್ವಲ್ಪ ಹಿಂದೆಯೂ ಹೋಗಬೇಕು.

1980ರ ದಶಕದಲ್ಲಿ ಅರ್ಪಾನೆಟ್ ಒಂದೇ ಉಳಿಯಲಿಲ್ಲ. ವಿಶ್ವವಿದ್ಯಾಲಯಗಳ ಜಾಲ, ಸರಕಾರದ ಜಾಲ, ಕಂಪನಿಗಳ ಜಾಲ ಎಂದು ಹಲವು ಹುಟ್ಟಿ ಒಂದಕ್ಕೊಂದು ಸೇರಿದವು. ಜಾಲ ಜಾಲಗಳ ನಡುವೆ ದಾರಿ ಹೇಳುವ ಆಗಿನ ನಿಯಮ ಮರದ ಹಾಗೆ ಇತ್ತು, ಕಾಂಡ ಒಂದು, ಕೊಂಬೆ ಹಲವು. ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ನೇರ ದಾರಿ ಮಾಡಿದರೆ ಸುತ್ತು ಬಿದ್ದು ಗೊಂದಲ. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ಪೇಟೆಯಲ್ಲಿ ನಡೆದ ಸಭೆಯ ಊಟದ ಹೊತ್ತಿಗೆ ಕರ್ಕ್ ಲಾಹೀಡ್ ಮತ್ತು ಯಾಕೊವ್ ರೆಕ್ಟರ್ ಎಂಬ ಇಬ್ಬರು ಎಂಜಿನಿಯರುಗಳು ಕೈ ಒರೆಸುವ ಕಾಗದದ ಮೇಲೆ ಹೊಸ ನಿಯಮದ ಕರಡು ಗೀಚಿದರು. ಬಿ.ಜಿ.ಪಿ. ಎಂದು ಅದರ ಹೆಸರು. ಪ್ರತಿ ದಾರಿಯ ಜೊತೆಗೆ "ಇದು ಯಾರು ಯಾರ ಜಾಲ ದಾಟಿ ಬಂತು" ಎಂಬ ಸಾಲನ್ನೂ ಬರೆಯುವುದು. ಆ ಸಾಲಿನಲ್ಲಿ ನನ್ನದೇ ಹೆಸರು ಕಂಡರೆ ಅದು ಸುತ್ತು ಹೊಡೆದು ಬಂದದ್ದು, ಬಿಟ್ಟುಬಿಡಬೇಕು. ಇಷ್ಟು ಮಾಡಿದ ಕೂಡಲೇ ಮರ ಹೋಗಿ ಬಲೆ ಬಂತು, ಯಾರು ಎಷ್ಟು ಕಡೆಗೆ ಬೇಕಾದರೂ ಜೋಡಿಸಿಕೊಳ್ಳಬಹುದು. ಸದ್ಯಕ್ಕೆ ಸಾಕು ಎಂದು ಮಾಡಿದ ಆ ನಿಯಮವೇ ತಿದ್ದುಪಡಿಗಳೊಂದಿಗೆ ಇಂದಿಗೂ ಇಂಟರ್ನೆಟ್ಟನ್ನು ನಡೆಸುತ್ತಾ ಉಂಟು.

ಆದರೆ ಪಟ್ಟಿ ಉದ್ದವಾಗತೊಡಗಿತು. ಯಾಕೆ ಎಂದು ತಿಳಿಯಲು ನಮ್ಮ ಅಂಚೆಯನ್ನು ನೋಡೋಣ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದ ಮೇಲೆ ಕಾಗದ ವಿಂಗಡಿಸುವವರ ಕಷ್ಟ ಇಳಿಯಿತು. ದಿಲ್ಲಿಯವನಿಗೆ ಕುಂಬಳೆ ಎಲ್ಲಿ, ಬದಿಯಡ್ಕ ಎಲ್ಲಿ ಎಂದು ಗೊತ್ತಿರಬೇಕಾಗಿಲ್ಲ. ಮೊದಲ ಅಂಕೆ 6 ಕಂಡರೆ ಕೇರಳ, ತಮಿಳುನಾಡಿನ ಚೀಲಕ್ಕೆ ಹಾಕಿದರಾಯಿತು. ಕೇರಳಕ್ಕೆ ಬಂದ ಮೇಲೆ 671 ನೋಡಿ ಕಾಸರಗೋಡಿಗೆ. ಊರಿನ ಅಂಕೆ ನೋಡಬೇಕಾದದ್ದು ಇಲ್ಲಿಗೆ ಬಂದ ಮೇಲೆ. ಲಕ್ಷಗಟ್ಟಲೆ ಊರುಗಳ ಪಟ್ಟಿ ದಿಲ್ಲಿಯಲ್ಲಿ ಒಂಬತ್ತು ಚೀಲಕ್ಕೆ ಇಳಿಯಿತು.

ಇಂಟರ್ನೆಟ್ಟಿನಲ್ಲಿ 1993ರ ವರೆಗೆ ಹೀಗೆ ಇರಲಿಲ್ಲ. ವಿಳಾಸಗಳನ್ನು ಮೂರೇ ಅಳತೆಯ ಗೊಂಚಲುಗಳಲ್ಲಿ ಹಂಚುತ್ತಿದ್ದರು. ಸಣ್ಣದರಲ್ಲಿ 256 ವಿಳಾಸ, ನಡುವಿನದರಲ್ಲಿ 65,536, ದೊಡ್ಡದರಲ್ಲಿ 1 ಕೋಟಿ 67 ಲಕ್ಷ. ಸಾವಿರ ಕಂಪ್ಯೂಟರ್ ಇದ್ದವರಿಗೆ ಸಣ್ಣದು ಸಾಲದು, ನಡುವಿನದು ಕೊಟ್ಟರೆ ಮುಕ್ಕಾಲುಮೂರು ಪಾಲು ಹಾಳು. ನಡುವಿನ ಗೊಂಚಲುಗಳು 1994ರ ಹೊತ್ತಿಗೆ ಮುಗಿದುಹೋಗುತ್ತವೆ ಎಂಬ ಲೆಕ್ಕ 1990ರಲ್ಲೇ ಬಂದಿತ್ತು. ಹಾಗೆಂದು ಒಬ್ಬೊಬ್ಬರಿಗೆ ಹತ್ತಾರು ಸಣ್ಣ ಗೊಂಚಲು ಕೊಟ್ಟರೆ ಲೋಕದ ಎಲ್ಲ ದೊಡ್ಡ ರೂಟರುಗಳ ದಾರಿಪಟ್ಟಿಯಲ್ಲಿ ಹತ್ತಾರು ಸಾಲು ಹೆಚ್ಚಾಗುತ್ತವೆ. ಒಂದು ಕಡೆ ವಿಳಾಸದ ಬರ, ಇನ್ನೊಂದು ಕಡೆ ಪಟ್ಟಿಯ ನೆರೆ.

1993ರ ಸೆಪ್ಟೆಂಬರಿನಲ್ಲಿ ಬಂದ ಸಿ.ಐ.ಡಿ.ಆರ್. ಎಂಬ ಕ್ರಮ ಮೂರು ಅಳತೆಯ ಕಟ್ಟುಪಾಡನ್ನು ಬಿಟ್ಟುಬಿಟ್ಟಿತು. ಬೇಕಾದಷ್ಟೇ ಅಳೆದು ಕೊಡುವುದು. ಜೊತೆಗೆ, ಇಂಟರ್ನೆಟ್ ಒದಗಿಸುವ ಕಂಪನಿಗೆ ಒಂದು ದೊಡ್ಡ ಗೊಂಚಲು ಕೊಟ್ಟು, ಅದರ ಗಿರಾಕಿಗಳೆಲ್ಲ ಅದರೊಳಗಿಂದಲೇ ವಿಳಾಸ ಪಡೆಯುವುದು. ಹೊರಗಿನವರ ಪಟ್ಟಿಯಲ್ಲಿ ಆ ಕಂಪನಿಗೆ ಒಂದೇ ಸಾಲು, 671 ಎಂದರೆ ಕಾಸರಗೋಡು ಎಂಬ ಹಾಗೆ. ಪಟ್ಟಿ ಆಗ ಸುಮಾರು 20 ಸಾವಿರ ಸಾಲಿನಷ್ಟಿತ್ತು. ಕೆಲವು ಕಾಲ ಅದರ ಓಟ ನಿಧಾನವಾಯಿತು.

ಒಬ್ಬನ ಅನುಕೂಲ, ಎಲ್ಲರ ಸಾಲು

ಈಗ ಮಂಜೇಶ್ವರದಲ್ಲಿ ಒಬ್ಬ ವ್ಯಾಪಾರಿ ಇದ್ದಾನೆಂದು ಎಣಿಸಿ. "ನನ್ನ ಕಾಗದ ಕಾಸರಗೋಡಿನ ಮೂಲಕವೂ ಬರಲಿ, ಮಂಗಳೂರಿನ ಮೂಲಕವೂ ಬರಲಿ. ಒಂದು ಕಡೆ ದಾರಿ ಕಟ್ಟಿದರೆ ಇನ್ನೊಂದು ಕಡೆಯಿಂದ ತಪ್ಪದೆ ಮುಟ್ಟಬೇಕು. ಆದರೆ ನನ್ನ ವಿಳಾಸ ಬದಲಾಗಬಾರದು" ಎಂದು ಅವನ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಆದರೆ ಮಂಗಳೂರಿನ ಪಿನ್ ಸುರುವಾಗುವುದು 575ರಿಂದ. 671ರ ಕಾಗದ ಮಂಗಳೂರಿಗೆ ಹೋಗಬೇಕಾದರೆ ದಿಲ್ಲಿ, ಕೋಲ್ಕತ್ತ, ಗುವಾಹಟಿಯ ವಿಂಗಡಣೆಯವರೆಲ್ಲ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಬೇಕು, "ಈ ಒಬ್ಬರ ಕಾಗದಕ್ಕೆ ಎರಡು ದಾರಿ" ಎಂದು. ಒಬ್ಬನಿಗಾದರೆ ತೊಂದರೆ ಇಲ್ಲ. ಲಕ್ಷ ಜನ ಕೇಳಿದರೆ ಗೋಡೆ ಸಾಕಾಗ್ತದಾ?

ಇಂಟರ್ನೆಟ್ಟಿನಲ್ಲಿ ಆದದ್ದು ಇದೇ. ಬ್ಯಾಂಕು, ಪತ್ರಿಕೆ, ಆಸ್ಪತ್ರೆ, ದೊಡ್ಡ ಅಂಗಡಿ, ಎಲ್ಲರಿಗೂ ಎರಡೆರಡು ಕಂಪನಿಯ ಲೈನು ಬೇಕು, ವಿಳಾಸ ಒಂದೇ ಇರಬೇಕು. ಹಾಗೆ ಮಾಡಿಕೊಂಡ ಪ್ರತಿಯೊಬ್ಬರದ್ದೂ ಒಂದು ಪ್ರತ್ಯೇಕ ಸಾಲು. ಆ ಸಾಲನ್ನು ಪೂರ್ತಿ ಪಟ್ಟಿ ಇಟ್ಟುಕೊಳ್ಳುವ ಲೋಕದ ಎಲ್ಲ ರೂಟರುಗಳೂ ಹೊರಬೇಕು. ಎರಡನೆಯ ಲೈನಿನ ಬಾಡಿಗೆ ಕೊಡುವವನು ಅವನು. ಆ ಸಾಲಿಗೆ ಜಾಗ ಕೊಡುವವರಿಗೆ ಮಾತ್ರ ಯಾರೂ ಚಿಕ್ಕಾಸು ಕೊಡುವುದಿಲ್ಲ. 1990ರ ದಶಕದ ನಡುವಿನಲ್ಲಿ ಅಮೆರಿಕದ ಸ್ಪ್ರಿಂಟ್ ಕಂಪನಿ, ಹೊಸದಾಗಿ ಹಂಚಿದ ವಿಳಾಸಗಳಲ್ಲಿ ತೀರಾ ಸಣ್ಣ ಗೊಂಚಲುಗಳ ಸಾಲನ್ನು ನಮ್ಮ ಪಟ್ಟಿಗೆ ಸೇರಿಸುವುದಿಲ್ಲ ಎಂದು ಹಟ ಹಿಡಿಯಿತು. ದೊಡ್ಡವರು ಬದುಕಿಕೊಳ್ಳುತ್ತಾರೆ, ಸಣ್ಣವರಿಗೆ ಮಾತ್ರ ಅನ್ಯಾಯ ಎಂದು ಕೂಗೆದ್ದಿತು. ಎರಡು ಕಡೆಯ ಮಾತಿನಲ್ಲೂ ಹುರುಳಿತ್ತು. ಕೊನೆಗೆ 256 ವಿಳಾಸದ ಗೊಂಚಲಿನ ವರೆಗೆ ಸ್ವೀಕರಿಸುವುದು, ಅದಕ್ಕಿಂತ ಸಣ್ಣದು ಬೇಡ ಎಂಬ ರೂಢಿ ನೆಲೆನಿಂತಿತು. ಇದು ಯಾವ ಸರಕಾರದ ಕಾನೂನೂ ಅಲ್ಲ, ಜಾಲ ನಡೆಸುವವರ ಹೊಂದಾಣಿಕೆ.

2001ರ ಹೊತ್ತಿಗೆ ಪಟ್ಟಿ 1 ಲಕ್ಷ ಸಾಲಿಗೆ ಬಂತು, 2006ರಲ್ಲಿ 2 ಲಕ್ಷ. ಆ ವರ್ಷದ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತಜ್ಞರು ಸೇರಿ ಕಾರಣ ಹುಡುಕಿದರು. ಎರಡೆರಡು ಕಡೆ ಜೋಡಿಸಿಕೊಳ್ಳುವವರು ಹೆಚ್ಚಾದದ್ದು ಮುಖ್ಯ ಕಾರಣಗಳಲ್ಲಿ ಒಂದು ಎಂದು ಕಂಡುಬಂತು. ಐ.ಪಿ.ವಿ.6 ಎಂಬ ಹೊಸ ವಿಳಾಸಕ್ರಮ ವಿಳಾಸದ ಬರವನ್ನು ತೀರಿಸುತ್ತದೆ, ಪಟ್ಟಿಯ ಉದ್ದವನ್ನು ಅಲ್ಲ. ಎರಡು ದಾರಿ ಬೇಕೆನ್ನುವವನಿಗೆ ಅಲ್ಲಿಯೂ ಒಂದು ಸಾಲು ಬೇಕೇ ಬೇಕು.

2014ರ ಆಗಸ್ಟ್ 12ರಂದು ಗೋಡೆ ತುಂಬಿತು. ದೊಡ್ಡ ರೂಟರುಗಳು ಕ್ಷಣಾರ್ಧದಲ್ಲಿ ದಾರಿ ಹುಡುಕಲು ಪಟ್ಟಿಯನ್ನು ವಿಶೇಷ ಚಿಪ್ಪಿನಲ್ಲಿ ಇಡುತ್ತವೆ. ಹಲವು ಹಳೆಯ ರೂಟರುಗಳಲ್ಲಿ ಆ ಜಾಗ ಮೊದಲಿನಿಂದ ಹೊಂದಿಸಿಟ್ಟದ್ದು 5,24,288 ಸಾಲಿಗೆ. ಆ ದಿನ ಅಮೆರಿಕದ ವೆರೈಜನ್ ಕಂಪನಿಯ ಜಾಲದಿಂದ ಸುಮಾರು 15 ಸಾವಿರ ಹೆಚ್ಚಿನ ಸಾಲುಗಳು ಸ್ವಲ್ಪ ಹೊತ್ತು ಹೊರಬಿದ್ದವು. ಅಂಚಿನಲ್ಲಿದ್ದ ಪಟ್ಟಿ ಮಿತಿ ದಾಟಿತು. ಕೆಲವು ರೂಟರುಗಳು ನಿಧಾನವಾದವು, ಕೆಲವು ದಾರಿ ಮರೆತವು, ಇ-ಬೇಯಂಥ ದೊಡ್ಡ ತಾಣಗಳೂ ತೊಂದರೆಗೆ ಬಿದ್ದವು. ರೂಟರ್ ತಯಾರಿಸುವ ಸಿಸ್ಕೊ ಕಂಪನಿ ತಿಂಗಳುಗಳ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಚಿಪ್ಪಿನ ಜಾಗವನ್ನು ಮರುಹಂಚಿಕೆ ಮಾಡಿ ಯಂತ್ರವನ್ನು ಒಮ್ಮೆ ನಿಲ್ಲಿಸಿ ಸುರು ಮಾಡಿದರೆ ಮುಗಿಯುವ ಕೆಲಸ. ಮಾಡದವರು ಸಿಕ್ಕಿಬಿದ್ದರು. ಭದ್ರತೆಗೆಂದು ಎಲ್ಲರೂ ಸೇರಿಸಿದ ಸಾಲುಗಳೇ ಒಟ್ಟಾಗಿ ಅಂದು ಅಭದ್ರತೆ ತಂದವು. ಈಗ ಪಟ್ಟಿ 9 ಲಕ್ಷ ದಾಟಿದೆ. ಚಿಪ್ಪುಗಳೂ ದೊಡ್ಡದಾಗಿವೆ, ಸದ್ಯಕ್ಕೆ ನಡೆದುಕೊಂಡು ಹೋಗ್ತಾ ಉಂಟು.

ದಾರಿ ಎಷ್ಟಿದ್ದರೂ ಸಾಲದ ದಿನವನ್ನು ನಾವೆಲ್ಲ ಕಂಡಿದ್ದೇವೆ. 2021ರ ಅಕ್ಟೋಬರ್ 4ರಂದು ನಮ್ಮಲ್ಲಿ ರಾತ್ರಿ 9 ಗಂಟೆ ದಾಟಿದ ಮೇಲೆ ವಾಟ್ಸಾಪ್, ಫೇಸ್‌ಬುಕ್ ಸುಮಾರು ಆರು ಗಂಟೆ ಸತ್ತುಬಿದ್ದವು. ಆ ಕಂಪನಿಗೆ ದಾರಿಗಳಿಗೇನೂ ಕೊರತೆ ಇರಲಿಲ್ಲ. ದುರಸ್ತಿಯ ಹೊತ್ತಿಗೆ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಅದರ ಒಳಜಾಲ ನಿಂತಿತು, ಅದರ ವಿಳಾಸ ಹೇಳುವ ಯಂತ್ರಗಳ ದಾರಿ ಲೋಕದ ಪಟ್ಟಿಗಳಿಂದ ತಾನಾಗಿಯೇ ಅಳಿಸಿಹೋಯಿತು. 1980ರ ಕಥೆಯೇ ಬೇರೆ ವೇಷದಲ್ಲಿ.

ನಮ್ಮ ಪಂಚಾಯತಿನ ಮಟ್ಟಿಗೆ

2011ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಒಪ್ಪಿದ ಯೋಜನೆ, ಮುಂದೆ ಭಾರತ್‌ನೆಟ್ ಎಂದು ಹೆಸರಾದದ್ದು, ಪಂಚಾಯತುಗಳಿಗೆ ಫೈಬರ್ ಎಳೆಯಲು ಹೊರಟಿತು. ಬ್ಲಾಕಿನಿಂದ ಪಂಚಾಯತಿಗೆ ಹೆಚ್ಚಾಗಿ ಒಂದೇ ಎಳೆ. ಎಲ್ಲಿಯಾದರೂ ಕಡಿದರೆ ಆಚೆಯ ಊರಿಗೆ ಗತಿ ಇಲ್ಲ. 2023ರ ಆಗಸ್ಟಿನಲ್ಲಿ ಒಪ್ಪಿದ ತಿದ್ದುಪಡಿಯಲ್ಲಿ ಅದನ್ನು ಉಂಗುರದ ಆಕಾರಕ್ಕೆ ತರುವುದೆಂದು ತೀರ್ಮಾನವಾಯಿತು. ಉಂಗುರ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರಬಹುದು. ಬರಾನ್ ಬರೆದ ಚಿತ್ರದ ಒಂದು ಸಣ್ಣ ಅಂಶ ಪಂಚಾಯತಿನ ಬಾಗಿಲಿಗೆ ಬರಲು ಇಷ್ಟು ಕಾಲ ಬೇಕಾಯಿತು. 2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳ ಸರಕಾರದ ಕೆ-ಫೋನ್ ಜಾಲ ವಿದ್ಯುತ್ ಮಂಡಳಿಯ ಕಂಬಗಳನ್ನು ಆಶ್ರಯಿಸಿ ಬರುತ್ತದೆ. ಖರ್ಚು ಉಳಿಸುವ ಒಳ್ಳೆಯ ಉಪಾಯ. ಆದರೆ ಮಳೆಗಾಲದಲ್ಲಿ ಒಂದು ಹಲಸಿನ ಮರ ಬಿದ್ದರೆ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗಬಹುದು ಎಂಬುದು ನೆನಪಿರಬೇಕು.

ಒಂದು ಸಮಾಧಾನದ ಮಾತು ಉಂಟು. ಶಾಲೆ, ವಾಚನಾಲಯ, ಸಹಕಾರಿ ಸಂಘಗಳು ಎರಡನೆಯ ಲೈನು ಹಾಕಿಸಿಕೊಂಡರೆ ಲೋಕದ ಪಟ್ಟಿಗೆ ಏನೂ ಭಾರವಿಲ್ಲ. ನಾವು ಒಳಗಿನಿಂದ ಹೊರಗೆ ಹೋಗುವವರು, ಒಂದು ಲೈನು ಹೋದಾಗ ಇನ್ನೊಂದರ ವಿಳಾಸದಿಂದ ಹೊರಟರೆ ಆಯಿತು. ಪ್ರತ್ಯೇಕ ಸಾಲು ಬೇಕಾದದ್ದು ಹೊರಗಿನವರು ಸದಾ ಒಂದೇ ವಿಳಾಸಕ್ಕೆ ಬಂದು ಮುಟ್ಟಬೇಕಾದವರಿಗೆ. ಹಾಗಾಗಿ ಹಾಕಿಸುವುದಕ್ಕೆ ಸಂಕೋಚ ಬೇಡ.

ಹಾಕಿಸುವ ಮೊದಲು ಕೇಳಬೇಕಾದ ಪ್ರಶ್ನೆ ನಾಲ್ಕು. ಎರಡು ತಂತಿಯೂ ಒಂದೇ ಕಂಬದಲ್ಲಿ, ಒಂದೇ ಮಾರ್ಗದ ಬದಿಯಲ್ಲಿ ಬರ್ತದಾ? ಮಾರ್ಗ ಅಗಲ ಮಾಡುವ ಜೆಸಿಬಿಗೆ ಯಾವ ಕಂಪನಿಯ ತಂತಿ ಎಂಬ ಭೇದ ಇಲ್ಲ. ಹೆಸರು ಬೇರೆಯಾದರೂ ಎರಡು ಕಂಪನಿಯೂ ಒಬ್ಬರದ್ದೇ ಕೇಬಲನ್ನು ಬಾಡಿಗೆಗೆ ಪಡೆದಿವೆಯಾ? ಒಂದು ತಂತಿ, ಇನ್ನೊಂದು ಮೊಬೈಲ್ ಎಂದಾದರೆ ಆ ಟವರಿಗೆ ಬರುವ ಫೈಬರ್ ಯಾವ ದಾರಿಯದ್ದು? ಕರೆಂಟು ಹೋದಾಗ ಎರಡಕ್ಕೂ ಬೇಕಾದ ಬ್ಯಾಟರಿ ಇದೆಯಾ? ಉತ್ತರ ಹೇಳುವವರು ಮೊದಲು ಸ್ವಲ್ಪ ತಡಬಡಿಸುತ್ತಾರೆ, ಯಾಕೆಂದರೆ ಹೆಚ್ಚಿನವರು ಕೇಳುವುದೇ ಇಲ್ಲ. ಗ್ರಾಮಸಭೆಯಲ್ಲಿ ರಸ್ತೆಗೂ ನೀರಿಗೂ ಕೇಳುವ ಹಾಗೆ ಇದನ್ನೂ ಕೇಳಿ, ಉತ್ತರವನ್ನು ಬರೆಸಿಕೊಳ್ಳುವುದು ಒಳ್ಳೆಯದು.